ನೆಲಕ್ಕೆ ಆತುರ, ನೀತಿಗೆ ಆಲಸ್ಯ

ದೇಶರಕ್ಷಣೆಯ ಹೆಸರೆತ್ತಿದ ಕೂಡಲೇ ಜನ ಬಾಯಿ ಮುಚ್ಚಬೇಕೆಂಬುದು ನಮ್ಮ ಆಳುವವರು ಬಹುಕಾಲದಿಂದ ಹೇಳಿಕೊಡುತ್ತಿರುವ ಪಾಠ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಆ ಪಾಠವನ್ನು ಕಲಿಯಲೊಪ್ಪಲಿಲ್ಲ. 2021ರ ಆಗಸ್ಟಿನಲ್ಲಿ 13 ಹಳ್ಳಿಗಳ 1,777 ಎಕರೆ ಜಮೀನಿಗೆ ಸರ್ಕಾರದ ನೋಟೀಸು ಬಂತು. ಅಲ್ಲಿ ರಕ್ಷಣಾ ಮತ್ತು ವಿಮಾನ ಕೈಗಾರಿಕೆಗಳ ಪಾರ್ಕು ಏಳುವುದೆಂದರು. ರೈತರು 1,198 ದಿನ ಧರಣಿ ಕುಳಿತರು. ಪೊಲೀಸರ ಕೈಯಲ್ಲಿ ಎಳೆಸಿಕೊಂಡರು. ಕಡೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನವನ್ನು ಕೈಬಿಟ್ಟೆವೆಂದು ಸಾರಬೇಕಾಯಿತು.

ರಕ್ಷಣೆಯ ಹೆಸರಿನಲ್ಲಿ ನೆಲಕ್ಕೆ ಇಷ್ಟು ಆತುರಪಡುವವರು, ರಕ್ಷಣೆಯ ಕೆಲಸಕ್ಕೆ ಎಷ್ಟು ಆತುರಪಟ್ಟಿದ್ದಾರೆ? ಲೆಕ್ಕ ತೆಗೆಯೋಣ. ದೂರ ಹೋಗಬೇಕಾಗಿಲ್ಲ; ಬೆಂಗಳೂರಿನ ಹೆಚ್.ಎ.ಎಲ್. ಕಾರ್ಖಾನೆಯ ಕಥೆಯೇ ಸಾಕು.

1961ರ ಜೂನ್ 17ರಂದು ನಮ್ಮ ಕಾರ್ಮಿಕರು ಕಟ್ಟಿದ ಮಾರುತ್ ಯುದ್ಧವಿಮಾನ ಇಲ್ಲಿಂದ ಆಕಾಶಕ್ಕೇರಿತು. ಒಡಲು ಒಳ್ಳೆಯದು, ಎಂಜಿನ್ನಿಗೆ ಬಲ ಸಾಲದು. ಬಲವಾದ ಎಂಜಿನ್ ಸಿದ್ಧಪಡಿಸಲು ಬ್ರಿಟಿಷ್ ಕಂಪನಿ ಕೇಳಿದ ಹಣವನ್ನು ಸರ್ಕಾರ ಕೊಡಲಿಲ್ಲ. ಅಲ್ಲಿ ಉಳಿಸಿದ ಕಾಸಿಗೆ ದೇಶ ತೆತ್ತ ಬೆಲೆಯೇನು? ಮಾರುತ್ ಕೊನೆಯತನಕ ಅರೆಬಲದಲ್ಲಿಯೇ ಹಾರಿತು; ನಾವು ಪರದೇಶದ ವಿಮಾನಗಳಿಗೆ ಕೈಯೊಡ್ಡಿದೆವು. 1962ರಲ್ಲಿ ಹಿಮದ ಗಡಿಗೆ ಬೆಚ್ಚನೆಯ ಬಟ್ಟೆಯಿಲ್ಲದೆ ಜವಾನರನ್ನು ಕಳುಹಿಸಿದವರಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ಹೇಗೆ?

ಮುಂದಿನದು ತೇಜಸ್. 1983ರಲ್ಲಿ ಯೋಜನೆ, 2001ರ ಜನವರಿಯಲ್ಲಿ ಮೊದಲ ಹಾರಾಟ, 2016ರಲ್ಲಿ ಮೊದಲ ದಳ. 33 ವರ್ಷ! ಯೋಜನೆ ಹುಟ್ಟಿದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಮಕ್ಕಳ ತಂದೆಯಾಗಿತ್ತು. 2021ರಲ್ಲಿ ಸುಧಾರಿಸಿದ ಮಾದರಿಯ 83 ವಿಮಾನಗಳಿಗೆ ಆರ್ಡರು ಕೊಟ್ಟರು. 2024ರಿಂದ ಬರಬೇಕಾಗಿತ್ತು. 1963ರಿಂದ ದುಡಿದ ಮಿಗ್-21 ವಿಮಾನಗಳಿಗೆ 2025ರ ಸೆಪ್ಟೆಂಬರ್ 26ರಂದು ವಿದಾಯ ಹೇಳುವಾಗಲೂ ಅವುಗಳಲ್ಲಿ ಒಂದೂ ವಾಯುಪಡೆಗೆ ತಲುಪಿರಲಿಲ್ಲ. 42 ದಳಗಳಿರಬೇಕಾದಲ್ಲಿ ಅಂದು ಉಳಿದದ್ದು 29. ಅದರ ಹಿಂದಿನ ದಿನವಷ್ಟೇ ಇನ್ನೂ 97 ವಿಮಾನಗಳಿಗೆ 62,370 ಕೋಟಿ ರೂಪಾಯಿಯ ಕರಾರಿಗೆ ಸಹಿ ಬಿದ್ದಿತ್ತು!

2025ರ ಫೆಬ್ರವರಿಯಲ್ಲಿ ಯಲಹಂಕದ ವಿಮಾನ ಪ್ರದರ್ಶನದಲ್ಲಿ ವಾಯುಪಡೆಯ ಮುಖ್ಯಸ್ಥರೇ ಹೆಚ್.ಎ.ಎಲ್. ಮೇಲೆ ತಮಗೆ ಭರವಸೆಯಿಲ್ಲವೆಂದು ಆಡಿದರು. ಕಾರ್ಖಾನೆಯ ಆಡಳಿತ ತನ್ನ ಪಾಲಿನ ತಪ್ಪಿಗೆ ಉತ್ತರ ಹೇಳಲಿ. ಆದರೆ ನೂಲು ಬಾರದೆ ಮಗ್ಗ ನಿಂತರೆ ತಪ್ಪು ನೇಕಾರನದೇ? ಎಂಜಿನ್ನು ಬರಬೇಕಾದದ್ದು ಅಮೆರಿಕದಿಂದ, ಅದು ತಡವಾಯಿತು. ನಮ್ಮದೇ ಕಾವೇರಿ ಎಂಜಿನ್ನಿಗೆ 1989ರಲ್ಲಿ ಮಂಜೂರಾತಿ ಕೊಟ್ಟು, 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಮಾರುತ್ ಕಲಿಸಿದ ಪಾಠವನ್ನು ಯಾರೂ ಓದಲಿಲ್ಲ.

ಇದಕ್ಕೆಲ್ಲ ಮೂಲವೆಲ್ಲಿ? ಯಾವ ಶತ್ರುವಿಗೆ ಯಾವ ಸಿದ್ಧತೆ, ಎಷ್ಟು ವರ್ಷದಲ್ಲಿ, ಎಷ್ಟು ಹಣದಲ್ಲಿ ಎಂದು ಜನರ ಮುಂದಿಟ್ಟ ಲಿಖಿತ ರಾಷ್ಟ್ರೀಯ ಭದ್ರತಾ ನೀತಿಯೇ ನಮಗಿಲ್ಲ. ಕರಡು ಬರೆಯಲೆಂದು 2018ರಲ್ಲಿ ಒಂದು ಸಮಿತಿ ಮಾಡಿದರು. ಪ್ರಕಟವಾದ ನೀತಿ ಕಾಣಲಿಲ್ಲ. ಮೂರು ಪಡೆಗಳಿಗೊಬ್ಬ ಮುಖ್ಯಸ್ಥ ಬೇಕೆಂದು ಕಾರ್ಗಿಲ್ ಯುದ್ಧದ ನಂತರ 2001ರಲ್ಲಿ ಮಂತ್ರಿಗಳ ತಂಡವೇ ಹೇಳಿತು. ಆತ ಕುರ್ಚಿಯಲ್ಲಿ ಕುಳಿತದ್ದು 2020ರ ಜನವರಿಯಲ್ಲಿ.

ಹಣದ ಕಥೆಯೂ ಇದೇ. ವರ್ಷದೊಳಗೆ ಖರ್ಚಾಗದ ಹಣ ಮಾರ್ಚ್ 31ಕ್ಕೆ ಖಜಾನೆಗೆ ಮರಳುತ್ತದೆ. ಹಾಗೆ ಮರಳದ ನಿಧಿಯ ಮಾತು 2004ರ ಬಜೆಟ್ಟಿನಲ್ಲಿಯೇ ಬಂದಿತು. 15ನೇ ಹಣಕಾಸು ಆಯೋಗವೂ ಅದನ್ನೇ ಹೇಳಿತು. ಮಾತು ಮಾತಾಗಿಯೇ ಉಳಿಯಿತು. ಅಂಗಡಿ ನಡೆಸುವವರನ್ನು ಕೇಳಿ: ಹಬ್ಬದ ಸರಕಿಗೆ ಮೊದಲೇ ಮುಂಗಡ ಕೊಡದೆ, ಹಬ್ಬದ ಹಿಂದಿನ ದಿನ ದುಡ್ಡು ಹಿಡಿದು ಓಡಿದರೆ ಯಾವ ದರಕ್ಕೆ ಸಿಗುತ್ತದೆ? 126 ವಿಮಾನಗಳಿಗೆ 2007ರಲ್ಲಿ ಟೆಂಡರು ಕರೆದು, 2016ರಲ್ಲಿ 36 ರಫೇಲ್‌ಗಳನ್ನು ಕೊಂಡ ವ್ಯವಹಾರ ಇಂತಹುದೇ.

ಬಡವನ ಹಣ ಬಂದೂಕಿಗೇಕೆಂದು ನಮ್ಮವರೇ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ 2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಎತ್ತಿಟ್ಟದ್ದು 6.81 ಲಕ್ಷ ಕೋಟಿ. ಬೆಂಕಿಪೆಟ್ಟಿಗೆಗೂ ತೆರಿಗೆ ಕೊಡುವವನ ಹಣ ಅದರಲ್ಲಿದೆ. ವಿಳಂಬದಿಂದ ಈ ಹೊರೆ ಇಳಿಯುವುದಿಲ್ಲ, ಏರುತ್ತದೆ. ಹಳೆಯ ವಿಮಾನದೊಳಗೆ ಕೂರುವವನು ಮಂತ್ರಿಯ ಮಗನಲ್ಲ. ಗಡಿ ಕಾಯುವವನು ರೈತನ ಮಗ, ಕೂಲಿಯ ಮಗ.

ಜಮೀನು ರಾಜ್ಯದ್ದು, ಸೈನ್ಯ ಕೇಂದ್ರದ್ದು ಎಂಬ ಜಾರಿಕೆಯ ಉತ್ತರ ಬೇಡ. ಎರಡೂ ಕಡೆ ಎಲ್ಲ ದೊಡ್ಡ ಪಕ್ಷಗಳೂ ಆಳಿವೆ, ಯಾರೂ ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಬೇಡಿಕೆ ಮೂರು. ಭದ್ರತಾ ನೀತಿಯನ್ನು ಬರೆದು ಪಾರ್ಲಿಮೆಂಟಿನ ಮುಂದಿಡಿ. ಹಲವು ವರ್ಷಗಳ ಹಣವನ್ನು ಮೊದಲೇ ಗೊತ್ತುಮಾಡಿ, ಸ್ವದೇಶಿ ಎಂಜಿನ್ನಿಗೆ ಅದರಲ್ಲಿ ಮೊದಲ ಪಾಲು ಕೊಡಿ. ತಡವಾದ ಪ್ರತಿಯೊಂದು ಯೋಜನೆಯಲ್ಲೂ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತೆಂದು ಹೆಸರು ಸಮೇತ ಪ್ರಕಟಿಸಿ.

ಶಾಲೆಗೆ ಹತ್ತು ನಿಮಿಷ ತಡವಾಗಿ ಬಂದ ಹುಡುಗನನ್ನು ನಾನು ಬಾಗಿಲಲ್ಲಿ ನಿಲ್ಲಿಸಿ ಕಾರಣ ಕೇಳುತ್ತಿದ್ದೆ. ಮಿಲ್ಲಿನ ಗೇಟಿನಲ್ಲಿ ಐದು ನಿಮಿಷಕ್ಕೆ ಕೂಲಿ ಮುರಿಯುತ್ತಾರೆ. ಮೂವತ್ತು ವರ್ಷ ತಡಮಾಡಿದ ದೊಡ್ಡವರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವವರು ಯಾರು? ಚನ್ನರಾಯಪಟ್ಟಣದ ರೈತರು ಕೇಳಿ ತೋರಿಸಿದ್ದಾರೆ. ಇನ್ನು ನಮ್ಮ ನಿಮ್ಮ ಸರದಿ.