ನೌಕರಿ ಹೋದೀತೆಂಬ ಭೀತಿ: ಮನೆಯ ಹೊಣೆ, ಇಗರ್ಜಿಯ ಹೊಣೆ

ಭಾನುವಾರದ ಬಲಿಪೂಜೆ ಮುಗಿದು ಜನರು ಇಗರ್ಜಿಯ ಅಂಗಳಕ್ಕೆ ಬಂದಾಗ, ಪರವೂರಿನಿಂದ ಬಂದವರನ್ನು ಕಂಡೊಡನೆ ನಾವು ಕೇಳುವ ಪ್ರಶ್ನೆಗಳು ಎರಡು. ಮೊದಲನೆಯದು, “ಯಾವಾಗ ಬಂದಿರಿ?” ಎರಡನೆಯದು, “ಹಿಂದೆ ಹೋಗುವುದು ಯಾವಾಗ?” ಕೇಳುವವರಲ್ಲಿ ಯಾವ ದುರುದ್ದೇಶವೂ ಇರುವುದಿಲ್ಲ. ಆದರೆ ಈ ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದವನ ಪಾಡೇನು? ಮುಂದಿನ ವಾರ ಅವನು ಮುಂಜಾನೆಯ ಮೊದಲ ಪೂಜೆಗೆ ಬಂದು, ಪಕ್ಕದ ಬಾಗಿಲಿನಿಂದ ಹೊರಟು ಹೋಗುತ್ತಾನೆ. ಅದರ ಮುಂದಿನ ವಾರ ಬರುವುದನ್ನೇ ಬಿಟ್ಟರೂ ಆಶ್ಚರ್ಯವಿಲ್ಲ.

ಇದು ಕೊಲ್ಲಿ ರಾಷ್ಟ್ರಗಳಿಂದ ಮರಳಿದವರ ಮಾತು ಮಾತ್ರವಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯಲ್ಲಿ ದುಡಿಯುವ ಮಗಳು, ವರ್ಷ ವರ್ಷವೂ ಒಪ್ಪಂದ ನವೀಕರಣಕ್ಕಾಗಿ ಕಾಯುವ ಶಿಕ್ಷಕಿ, ಗುತ್ತಿಗೆಯ ಮೇಲೆ ಕಾರ್ಖಾನೆಗೆ ಹೋಗುವ ಯುವಕ, ಐವತ್ತು ದಾಟಿದ ಲೆಕ್ಕಪತ್ರ ಗುಮಾಸ್ತ, ಇವರೆಲ್ಲರ ಮನೆಗಳಲ್ಲಿಯೂ ಇಂದು ಒಂದೇ ಚಿಂತೆ ಮಲಗುವ ಹೊತ್ತಿಗೆ ಎಚ್ಚರಗೊಳ್ಳುತ್ತದೆ. ನೌಕರಿ ಇನ್ನೂ ಹೋಗಿಲ್ಲ. ಆದರೆ ಹೋದೀತೆಂಬ ಭಯ ಆಗಲೇ ಮನೆಯೊಳಗೆ ಬಂದು ಕುಳಿತಿದೆ.

ನಮ್ಮ ಕರಾವಳಿಗೆ ಈ ಭಯ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ತಲೆಮಾರುಗಳ ಕಾಲ ಸಾವಿರಾರು ಕುಟುಂಬಗಳಿಗೆ ಅನ್ನವಿಕ್ಕಿತು. ಕಾಂಕ್ರೀಟಿನ ಚಾವಣಿ ಬಂದ ಮೇಲೆ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ತಣ್ಣಗಾದವು. 1990ರ ಆಗಸ್ಟಿನಲ್ಲಿ ಇರಾಕ್ ಕುವೈಟನ್ನು ಆಕ್ರಮಿಸಿದಾಗ 1,70,000ಕ್ಕೂ ಮಿಕ್ಕಿ ಭಾರತೀಯರನ್ನು ವಿಮಾನಗಳ ಮೂಲಕ ತಾಯ್ನಾಡಿಗೆ ಕರೆತರಲಾಯಿತು. ಕೈಚೀಲವೊಂದರ ಹೊರತು ಏನನ್ನೂ ತರಲಾಗದೆ ಮರಳಿದವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದರು. 2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಗಣಿಗಾರಿಕೆ ನಿಂತಾಗ, ಗಣಿಯನ್ನೇ ನಂಬಿ ಬೆಳೆದಿದ್ದ ಒಂದು ಊರು ಬರಿದಾಯಿತು. 2020ರ ಮೇ ತಿಂಗಳಲ್ಲಿ ಕೊರೋನಾ ಕಾಲದ ವಿಶೇಷ ವಿಮಾನಗಳು ದುಬೈಯಿಂದ ಮಂಗಳೂರಿಗೆ ಬಂದಿಳಿದಾಗ, ಅವುಗಳಲ್ಲಿ ಕೆಲಸ ಕಳೆದುಕೊಂಡವರೂ ಇದ್ದರು. ಭದ್ರತೆಗೆ ಇನ್ನೊಂದು ಹೆಸರೆಂದು ನಾವು ಭಾವಿಸಿದ್ದ ನಮ್ಮ ಜಿಲ್ಲೆಗಳ ಬ್ಯಾಂಕುಗಳೂ ಹಾಗೆಯೇ. ವಿಜಯ ಬ್ಯಾಂಕು 2019ರಲ್ಲಿ, ಕಾರ್ಪೊರೇಷನ್ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಉದ್ಯೋಗಿಗಳ ನೌಕರಿ ಹೋಗಲಿಲ್ಲವಾದರೂ ತಾವು ಸೇರಿದ ಸಂಸ್ಥೆಯ ಹೆಸರೇ ಅಳಿಯುವುದನ್ನು ಅವರು ಕಾಣಬೇಕಾಯಿತು.

ಈಗ ಯಂತ್ರಬುದ್ಧಿಯ ಸರದಿ. 2025ರ ಮೇ ತಿಂಗಳಲ್ಲಿ ಚುನಾಯಿತರಾದ ಪೋಪ್ 14ನೆಯ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡುದಕ್ಕೆ ತಾವೇ ಕೊಟ್ಟ ಮುಖ್ಯ ಕಾರಣ ಇಲ್ಲಿ ಸ್ಮರಣೀಯ. ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ 13ನೆಯ ಲಿಯೋ ಅವರು 1891ರಲ್ಲಿ ‘ರೇರುಮ್ ನೊವಾರುಮ್’ ಎಂಬ ಪರಿಪತ್ರದ ಮೂಲಕ ಕಾರ್ಮಿಕರ ಪರವಾಗಿ ಮಾತನಾಡಿದಂತೆ, ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿಯೂ ಮಾನವನ ಘನತೆ, ನ್ಯಾಯ ಮತ್ತು ದುಡಿಮೆಯ ರಕ್ಷಣೆಗೆ ಧರ್ಮಸಭೆ ಮಾತನಾಡಬೇಕಾಗಿದೆ ಎಂಬುದು ಅವರ ಅಭಿಪ್ರಾಯ. ಆದುದರಿಂದ ನೌಕರಿಯ ಚಿಂತೆಯನ್ನು ಲೌಕಿಕ ವಿಷಯವೆಂದು ಇಗರ್ಜಿಯ ಹೊರಗಿಡುವುದು ಸರಿಯಲ್ಲ.

ನೌಕರಿ ಹೋಗುವುದಕ್ಕೂ ಹೋದೀತೆಂದು ಹೆದರುವುದಕ್ಕೂ ವ್ಯತ್ಯಾಸವಿದೆ. ಹೋದ ನೌಕರಿಗೆ ಒಂದು ದಿನಾಂಕವಿರುತ್ತದೆ. ಮರುದಿನ ಏನು ಮಾಡಬೇಕೆಂದು ಮನೆಯವರೆಲ್ಲ ಕುಳಿತು ಯೋಚಿಸಬಹುದು. ಭಯಕ್ಕೆ ಅಂತಹ ದಿನಾಂಕವಿಲ್ಲ. ಅದನ್ನು ಅನುಭವಿಸುವವನು ಯಾರಿಗೂ ಹೇಳುವುದಿಲ್ಲ. ಹೆಂಡತಿ ಹೆದರಿಯಾಳು, ಹೆತ್ತವರು ಕೊರಗಿಯಾರು, ಬಂಧುಗಳು ಆಡಿಕೊಂಡಾರು ಎಂಬ ಕಾರಣಗಳು ಸಾಕಷ್ಟು ಸಿಗುತ್ತವೆ. ನಿದ್ದೆ ಕೆಡುತ್ತದೆ. ಮಕ್ಕಳ ಮೇಲೆ ಕಾರಣವಿಲ್ಲದ ಸಿಡುಕು. ಕೆಲವರಿಗೆ ಸಂಜೆಯ ಒಂದು ಗ್ಲಾಸು ಎರಡಾಗುತ್ತದೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಯಾರಿಗೂ ಸಂಶಯ ಬಾರದಿರಲೆಂದು ಖರ್ಚು ಮೊದಲಿಗಿಂತ ಹೆಚ್ಚುತ್ತದೆ. ರೋಸಿಗೆ, ಮದುವೆಗೆ, ಮಗುವಿನ ಪ್ರಥಮ ಪರಮಪ್ರಸಾದದ ಔತಣಕ್ಕೆ ಸಾಲ ಮಾಡಿ ಹಾಲ್ ಗೊತ್ತುಮಾಡುವವರಲ್ಲಿ, ಮುಂದಿನ ವರ್ಷ ಸಂಬಳ ಬಂದೀತೆಂಬ ಭರವಸೆಯೇ ಇಲ್ಲದವರೂ ಇದ್ದಾರೆ.

ಈ ಭಯದ ಚಿತ್ರವನ್ನು ಪ್ರಭು ಯೇಸುವೇ ಒಂದು ಸಾಮತಿಯಲ್ಲಿ ಬಿಡಿಸಿಟ್ಟಿದ್ದಾರೆ. ಸಂತ ಲೂಕನ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಬರುವ ಪಾರುಪತ್ಯಗಾರನ ಕಥೆಯನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಅವನ ವಿರುದ್ಧ ಧಣಿಗೆ ದೂರು ಹೋಗುತ್ತದೆ. ಲೆಕ್ಕ ಒಪ್ಪಿಸಬೇಕು, ಇನ್ನು ಕೆಲಸ ಇಲ್ಲವೆಂದು ಧಣಿ ತಿಳಿಸುತ್ತಾನೆ. ಆಗ ಅವನು ತನ್ನೊಳಗೇ ಮಾತನಾಡಿಕೊಳ್ಳುತ್ತಾನೆ: ಮುಂದೇನು ಮಾಡಲಿ? ಮಣ್ಣು ಅಗೆಯುವ ಶಕ್ತಿ ತನಗಿಲ್ಲ, ಬೇಡುವುದಕ್ಕೆ ಮಾನ ಬಿಡದು. ಎರಡು ಸಾವಿರ ವರ್ಷಗಳ ಹಿಂದಿನ ಈ ಸ್ವಗತ ಇಂದು ಐವತ್ತು ದಾಟಿದ ಯಾವನೇ ನೌಕರನ ಸ್ವಗತವಾಗಬಲ್ಲದು. ಹೊಸ ಕೆಲಸ ಕಲಿಯುವ ವಯಸ್ಸಲ್ಲ, ಕೈಚಾಚುವ ಅಭ್ಯಾಸವಿಲ್ಲ.

ಪಾರುಪತ್ಯಗಾರ ಅನಂತರ ಮಾಡಿದ ವಂಚನೆಯನ್ನು ಯೇಸುಸ್ವಾಮಿ ಮೆಚ್ಚಲಿಲ್ಲ. ಧಣಿ ಹೊಗಳಿದ್ದು ಅವನ ಜಾಣ್ಮೆಯನ್ನು. ಆ ಜಾಣ್ಮೆಯಲ್ಲಿ ನಾವು ಕಲಿಯತಕ್ಕ ಮೂರು ಅಂಶಗಳಿವೆ. ಅವನು ತನ್ನ ಸ್ಥಿತಿಯನ್ನು ತನಗೆ ತಾನೇ ಮುಚ್ಚಿಡಲಿಲ್ಲ. ಉಳಿದಿರುವ ಸಮಯವನ್ನು ಕೊರಗಿನಲ್ಲಿ ಕಳೆಯದೆ ಬಳಸಿಕೊಂಡನು. ನೌಕರಿ ಹೋದ ಮೇಲೆ ತನ್ನನ್ನು ಬರಮಾಡಿಕೊಳ್ಳುವ ಮನೆಗಳು ಯಾವುವೆಂದು ಯೋಚಿಸಿದನು. ಅವನು ಅಡ್ಡದಾರಿಯಲ್ಲಿ ಮಾಡಿದ್ದನ್ನು ನಾವು ನೇರದಾರಿಯಲ್ಲಿ ಮಾಡಲು ಸಾಧ್ಯವಿದೆ.

ಮೊದಲನೆಯದಾಗಿ, ಭಯವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಸಂಜೆಯ ಜಪಸರದ ಬಳಿಕ ಗಂಡಹೆಂಡಿರು ಅರ್ಧ ಗಂಟೆ ಕುಳಿತು ಮಾತನಾಡುವುದಕ್ಕಿಂತ ದೊಡ್ಡ ಔಷಧಿ ಇದಕ್ಕಿಲ್ಲ. ಗಂಡ ಮರೆಮಾಚಿದ ಕಷ್ಟ ಹೆಂಡತಿಗೆ ಹೇಗೂ ತಿಳಿಯದಿರುವುದಿಲ್ಲ. ತಿಳಿಯದಿರುವುದು ಅದರ ಅಳತೆ ಮಾತ್ರ. ಅಳತೆ ತಿಳಿಯದ ಕಷ್ಟವನ್ನು ಮನಸ್ಸು ಬೆಟ್ಟವಾಗಿಸುತ್ತದೆ. ತಿಳಿವಳಿಕೆ ಬಂದ ಮಕ್ಕಳಿಗೂ ಅವರಿಗೆ ಅರ್ಥವಾಗುವಷ್ಟನ್ನು ಹೇಳುವುದು ಒಳಿತು. ತಂದೆಯ ಸಿಡುಕಿಗೆ ತಾವು ಕಾರಣರಲ್ಲವೆಂಬುದಾದರೂ ಅವರಿಗೆ ಗೊತ್ತಾಗಲಿ.

ಎರಡನೆಯದಾಗಿ, ಲೆಕ್ಕ. ತಿಂಗಳ ಅನಿವಾರ್ಯ ಖರ್ಚೆಷ್ಟು, ಸಾಲದ ಕಂತೆಷ್ಟು, ಸಂಬಳ ನಿಂತರೆ ಇರುವ ಉಳಿತಾಯ ಎಷ್ಟು ತಿಂಗಳು ಬಂದೀತು ಎಂದು ಒಂದು ಹಾಳೆಯ ಮೇಲೆ ಬರೆಯಬೇಕು. ಬಂದ ಅಂಕಿ ಸಮಾಧಾನಕರವಾಗಿರದೆ ಹೋಗಬಹುದು. ಆದರೂ ನಾಲ್ಕು ತಿಂಗಳು ಎಂಬ ಅಂಕಿಯೊಂದಿಗೆ ಹೋರಾಡಬಹುದು. ಅಂಕಿಯಿಲ್ಲದ ಕತ್ತಲೆಯೊಂದಿಗೆ ಹೋರಾಡುವುದು ಕಷ್ಟ. ಹೊಸ ಸಾಲ ಬೇಡ, ತೋರಿಕೆಯ ಖರ್ಚು ಬೇಡ, ಚಿನ್ನವನ್ನು ಅಡವಿಟ್ಟು ಔತಣ ಬೇಡ. ಬಳಕೆಯಿಲ್ಲದೆ ಬಿಟ್ಟ ಕೌಶಲವೊಂದಿದ್ದರೆ ಅದನ್ನು ಈಗಲೇ ಹೊರತೆಗೆಯುವುದು, ಹೊಸತನ್ನು ಕಲಿಯಲು ದಿನಕ್ಕೆ ಒಂದು ಗಂಟೆ ಇಡುವುದು ವಿವೇಕ. ಆ ಪಾರುಪತ್ಯಗಾರನಿಗಿಂತ ನಮಗೆ ಹೆಚ್ಚು ಸಮಯವಿದೆ.

ಹಕ್ಕುಗಳನ್ನು ತಿಳಿದಿರುವುದೂ ಈ ಲೆಕ್ಕದ ಭಾಗವೇ. ಒಂದು ವರ್ಷ ಸತತ ಸೇವೆ ಸಲ್ಲಿಸಿದ ಕಾರ್ಮಿಕನನ್ನು, ಅವನ ತಪ್ಪೇನೂ ಇಲ್ಲದೆ ಆಳು ಹೆಚ್ಚಾಯಿತೆಂದು ತೆಗೆಯುವಾಗ, ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ವೇತನ ಕೊಡಬೇಕು; ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಡಿ ನೆಲೆಗೊಂಡ ಈ ತತ್ವವನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ಮೇಲಧಿಕಾರಿಯ ಒತ್ತಡಕ್ಕೆ ಮಣಿದು ತಾನಾಗಿಯೇ ರಾಜೀನಾಮೆ ಬರೆದುಕೊಟ್ಟವನಿಗೆ ಈ ಪರಿಹಾರ ಕೈತಪ್ಪುವ ಸಂಭವವಿದೆ. ಆದ್ದರಿಂದ ಓದದೆ, ತಿಳಿದವರಲ್ಲಿ ಕೇಳದೆ, ಆ ದಿನವೇ ಯಾವ ಕಾಗದಕ್ಕೂ ಸಹಿ ಹಾಕಬಾರದು. ಗ್ರಾಚ್ಯುಟಿ, ಭವಿಷ್ಯನಿಧಿ, ಇ.ಎಸ್.ಐ. ಸೌಲಭ್ಯಗಳ ವಿವರ ತಿಳಿದಿಟ್ಟುಕೊಳ್ಳುವುದು ದುರಾಸೆಯೂ ಅಲ್ಲ, ಧಣಿಗೆ ಬಗೆಯುವ ದ್ರೋಹವೂ ಅಲ್ಲ.

ಪ್ರಾರ್ಥನೆಯ ಬಗ್ಗೆಯೂ ಪ್ರಾಮಾಣಿಕವಾಗಿ ಮಾತನಾಡಬೇಕು. ನವದಿನಗಳ ಪ್ರಾರ್ಥನೆ ಮಾಡಿದ ಎಲ್ಲರ ನೌಕರಿಯೂ ಉಳಿಯುತ್ತದೆಂದು ಹೇಳಿದರೆ ಅದು ಸುಳ್ಳಾದೀತು. ಸಂತ ಜೋಸೆಫರನ್ನು ನೋಡೋಣ. 1955ರಲ್ಲಿ ಪೋಪ್ 12ನೆಯ ಪಿಯುಸ್ ಅವರು ಮೇ 1ನ್ನು ಕಾರ್ಮಿಕನಾದ ಸಂತ ಜೋಸೆಫರ ಹಬ್ಬವೆಂದು ಘೋಷಿಸಿದರು. ಈ ಕಾರ್ಮಿಕ ಸಂತ ಒಂದು ರಾತ್ರಿ ಮಡದಿಯನ್ನೂ ಮಗುವನ್ನೂ ಕರೆದುಕೊಂಡು, ಪರಿಚಯದ ನೆಲವನ್ನೆಲ್ಲ ಬಿಟ್ಟು ಈಜಿಪ್ಟಿಗೆ ಹೊರಡಬೇಕಾಯಿತು. ದೇವರು ಅವರನ್ನು ವಲಸೆಯ ಕಷ್ಟದಿಂದ ತಪ್ಪಿಸಲಿಲ್ಲ, ಆ ಕಷ್ಟದಲ್ಲಿ ಕೈಬಿಡಲಿಲ್ಲ. ವಿಶ್ವಾಸವು ನಮಗೆ ಕೊಡುವುದು ನೌಕರಿಯ ಖಾತರಿಯನ್ನಲ್ಲ. ಗುರುತಿನ ಚೀಟಿಯನ್ನು ಕಂಪೆನಿಗೆ ಹಿಂದಿರುಗಿಸಿದ ದಿನವೂ ನಾನು ದೇವರ ಮಗನೇ, ಮಗಳೇ ಎಂಬ ಅರಿವನ್ನು. ಪೋಪ್ ಎರಡನೆಯ ಜಾನ್ ಪೌಲ್ ಅವರು 1981ರ ‘ಲಾಬೋರೆಮ್ ಎಕ್ಸೆರ್ಚೆನ್ಸ್’ ಪರಿಪತ್ರದಲ್ಲಿ ಬೋಧಿಸಿದ್ದೂ ಇದನ್ನೇ: ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯನ ಬೆಲೆಯನ್ನು ದುಡಿಮೆ ನಿರ್ಧರಿಸಲಾರದು.

ಚಿಂತೆ ದೇಹಕ್ಕಿಳಿದು ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ, ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಜ್ವರಕ್ಕೆ ಮದ್ದು ತೆಗೆದುಕೊಳ್ಳುವವನ ವಿಶ್ವಾಸ ಕಡಿಮೆಯೆಂದು ನಾವು ಹೇಳುವುದಿಲ್ಲವಷ್ಟೆ? ಮನಸ್ಸಿನ ಬೇನೆಗೂ ಅದೇ ನ್ಯಾಯ.

ಮೂರನೆಯ ಅಂಶ ಬರಮಾಡಿಕೊಳ್ಳುವ ಮನೆಗಳದ್ದು. ಇಲ್ಲಿ ಪ್ರಶ್ನೆ ಸಮುದಾಯದ ಕಡೆಗೆ ತಿರುಗುತ್ತದೆ. ಸಂತ ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಯಜಮಾನ ಒಂದೇ ದಿನ ಐದು ಬಾರಿ ಪೇಟೆಗೆ ಹೋಗುತ್ತಾನೆ. ಸಂಜೆ ಇನ್ನೊಂದೇ ಗಂಟೆ ಹೊತ್ತಿರುವಾಗಲೂ ಅಲ್ಲಿ ನಿಂತಿದ್ದವರನ್ನು ಸೋಮಾರಿಗಳೆಂದು ಜರೆಯದೆ, ಏಕೆ ನಿಂತಿದ್ದೀರೆಂದು ಕೇಳುತ್ತಾನೆ. ಯಾರೂ ಕರೆಯಲಿಲ್ಲವೆಂಬ ಅವರ ಉತ್ತರವನ್ನು ನಂಬುತ್ತಾನೆ. ನಮ್ಮ ಧರ್ಮಕೇಂದ್ರಗಳು ಹೀಗೆ ಪೇಟೆಗೆ ಹೋಗುತ್ತಿವೆಯೆ? ಹಬ್ಬಕ್ಕೆ ಸುಡುಮದ್ದು, ಅಲಂಕಾರ, ಧ್ವನಿವರ್ಧಕಗಳಿಗೆ ವೆಚ್ಚ ಮಾಡುವ ನಾವು, ಕೆಲಸ ಹೋದ ಕುಟುಂಬದ ಮಕ್ಕಳ ಒಂದು ವರ್ಷದ ಶಾಲಾ ಶುಲ್ಕಕ್ಕೆ ಸದ್ದಿಲ್ಲದೆ ನೆರವಾಗುವ ನಿಧಿಯೊಂದನ್ನು ಇಟ್ಟಿದ್ದೇವೆಯೆ?

1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಒಜನಾಂ ಮತ್ತು ಅವರ ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ಪೌಲ್ ಸಭೆಯು ಬಡವರ ಮನೆಗೇ ಹೋಗಿ ಭೇಟಿಯಾಗುವ ಕ್ರಮವನ್ನು ಕಲಿಸಿತು. ನಮ್ಮ ಬಹುತೇಕ ಇಗರ್ಜಿಗಳಲ್ಲಿ ಆ ಸಭೆ ಇದೆ. ಆದರೆ ನಿನ್ನೆಯವರೆಗೆ ಕಾರಿನಲ್ಲಿ ಬರುತ್ತಿದ್ದವನು ಇಂದು ಕಷ್ಟದಲ್ಲಿರಬಹುದೆಂದು ನಮಗೆ ಹೊಳೆಯುವುದಿಲ್ಲ, ಅವನು ಬಂದು ಕೇಳುವುದೂ ಇಲ್ಲ. ವಾರ್ಡಿನ ಗುರಿಕಾರರು, ಕಿರು ಕ್ರೈಸ್ತ ಸಮುದಾಯದ ಸಭೆಗಳು ಇಂತಹ ಮನೆಗಳನ್ನು ಗುಟ್ಟಾಗಿ ಗುರುತಿಸಬಲ್ಲವು. ನಿವೃತ್ತ ಬ್ಯಾಂಕ್ ಅಧಿಕಾರಿಗಳು, ವಕೀಲರು, ಶಿಕ್ಷಕರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಸಾಲದ ಕಂತನ್ನು ಮರುಹೊಂದಿಸಲು, ಒಪ್ಪಂದಪತ್ರ ಓದಿ ಹೇಳಲು, ಅರ್ಜಿ ಬರೆದುಕೊಡಲು ತಿಂಗಳಿಗೆ ಒಂದು ಸಂಜೆ ಅವರು ಇಗರ್ಜಿಯ ಸಭಾಂಗಣದಲ್ಲಿ ಕುಳಿತರೆ ಸಾಕು. ಕೆಲಸ ಕೊಡುವ ಸ್ಥಿತಿಯಲ್ಲಿರುವ ನಮ್ಮವರಿಗೂ ಒಂದು ಮಾತು: ಆಳು ಕಡಿಮೆ ಮಾಡುವ ಮೊದಲು ಬೇರೆ ಖರ್ಚು ಕಡಿಮೆ ಮಾಡಲು ಸಾಧ್ಯವೇ ಎಂದು ನೋಡಿರಿ. ಅನಿವಾರ್ಯವೇ ಆದರೆ ಮುಂಚಿತವಾಗಿ, ಮುಖಾಮುಖಿಯಾಗಿ, ಬಾಕಿಯಿಲ್ಲದಂತೆ ಮುಗಿಸಿರಿ.

ಸೆಪ್ಟೆಂಬರ್ 8ರ ತೆನೆಹಬ್ಬದಂದು ಪರವೂರಿನಲ್ಲಿರುವ ಮಕ್ಕಳಿಗೆ ಹೊಸ ತೆನೆಯ ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ರೂಢಿ ನಮ್ಮ ಮನೆಗಳಲ್ಲಿದೆ. ದೂರವಿದ್ದರೂ ಈ ಊಟದಲ್ಲಿ ನಿನಗೆ ಪಾಲಿದೆ ಎಂಬುದೇ ಆ ಕಾಳುಗಳ ಅರ್ಥ. ಹಾಗಿರುವಾಗ, ಬರಿಗೈಯಲ್ಲಿ ಮರಳಿದ ಮಗನಿಗೆ ಅದೇ ಊಟದಲ್ಲಿ ಪಾಲಿಲ್ಲವೆ?

ಮುಂದಿನ ಭಾನುವಾರ ಇಗರ್ಜಿಯ ಅಂಗಳದಲ್ಲಿ, ಊರಿಗೆ ಬಂದವರೊಬ್ಬರು ಕಂಡಾಗ, ಆ ಎರಡನೆಯ ಪ್ರಶ್ನೆಯನ್ನು ತಡೆದುಕೊಳ್ಳೋಣ. ಅದರ ಬದಲು, “ಬಂದದ್ದು ಸಂತೋಷ, ಸಂಜೆ ಮನೆಗೆ ಬನ್ನಿ” ಎಂದು ಕರೆಯೋಣ. ಹೇಳಲಾಗದ ಮಾತೊಂದು ಅವರ ಮನಸ್ಸಿನಲ್ಲಿದ್ದರೆ, ಅದನ್ನು ಹೇಳಲು ಅಂತಹ ಒಂದು ಮನೆ ಬೇಕಾಗುತ್ತದೆ.