ಓಟದಲ್ಲಿ ಎತ್ತಿನ ಕಾಲು ಮುರಿದರೆ ತನಿಖೆಯಾಗಲಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ರೈತ ಬಂಧುಗಳೇ, ಜೋಡೆತ್ತಿನ ಗಾಡಿ ಓಟ ನಡೆಸುವ ಸಮಿತಿಯವರೇ,

ಓಡುತ್ತಿದ್ದ ಎತ್ತು ಮುಗ್ಗರಿಸಿ ಮುಂಗಾಲು ಮುರಿದುಕೊಂಡರೆ "ಗ್ರಹಚಾರ" ಅನ್ನುತ್ತೇವೆ, "ದೃಷ್ಟಿ ತಾಗಿತು" ಅನ್ನುತ್ತೇವೆ. ನೊಗ ಬಿಚ್ಚಿ, ಟ್ರ್ಯಾಕ್ಟರ್ ಟ್ರೈಲರ್‌ಗೆ ಏರಿಸಿ ಕಳಿಸುತ್ತೇವೆ. ಅಷ್ಟರಲ್ಲಿ ಮೈಕಿನಲ್ಲಿ ಮುಂದಿನ ಜೋಡಿಯ ಹೆಸರು ಕೇಳಿಸುತ್ತದೆ. ಕಾಲು ಯಾಕೆ ಮುರಿಯಿತು ಎಂಬ ಪ್ರಶ್ನೆ ಅಲ್ಲೇ ಮಣ್ಣಾಗುತ್ತದೆ. ಅದಕ್ಕೆ ಉತ್ತರ ಬೇಕೆಂದೇ ಈ ಕರಪತ್ರ.

ಕುದುರೆ ರೇಸಿನವರು ಉತ್ತರ ಹುಡುಕಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದ ರೇಸ್‌ಕೋರ್ಸ್‌ಗಳಲ್ಲಿ ಸತ್ತ ಕುದುರೆಗಳಿಗೆ 1990ರಿಂದ ಮರಣೋತ್ತರ ಪರೀಕ್ಷೆ ನಡೆಯುತ್ತಿದೆ. ಒಂದೇ ತಪ್ಪು ಹೆಜ್ಜೆಗೆ ಮುರಿದವೆಂದು ಎಲ್ಲರೂ ನಂಬಿದ್ದ ಮೂಳೆಗಳಲ್ಲಿ ಬಹಳಷ್ಟಕ್ಕೆ ಮೊದಲೇ ಸಣ್ಣ ಬಿರುಕಿತ್ತು. ಎಷ್ಟೋ ಕುದುರೆಗಳ ಮುರಿಯದ ಜೊತೆ ಕಾಲಿನಲ್ಲೂ ಅದೇ ಜಾಗದಲ್ಲಿ ಬಿರುಕು! ದಣಿದ ಮೂಳೆಯನ್ನು ದೇಹ ಮೊದಲು ಕರಗಿಸಿ, ಆಮೇಲೆ ಹೊಸದಾಗಿ ಕಟ್ಟುತ್ತದೆ. ಆ ನಡುವಿನ ಕಾಲದಲ್ಲಿ ಮೂಳೆಗೆ ಬಲವಿಲ್ಲ. ವಿಶ್ರಾಂತಿ ಸಿಕ್ಕರೆ ಕೂಡಿಕೊಳ್ಳುತ್ತದೆ, ಓಡಿಸಿದರೆ ಮುರಿಯುತ್ತದೆ.

ಎತ್ತಿನದು ಸೀಳು ಗೊರಸು, ಕುದುರೆಯದು ಒಂಟಿ ಗೊರಸು. ಅಲ್ಲಿನ ಲೆಕ್ಕವೆಲ್ಲ ಇಲ್ಲಿಗೆ ಹೊಂದದು, ನಿಜ. ಆದರೆ ಮೂಳೆ ಸವೆದು ಕಟ್ಟಿಕೊಳ್ಳುವ ಬಗೆ ಎರಡಕ್ಕೂ ಒಂದೇ. ಹಳ್ಳಿಕಾರ್ ಜೋಡಿಯನ್ನು ಜಾತ್ರೆಯಿಂದ ಜಾತ್ರೆಗೆ ಬಿಡುವಿಲ್ಲದೆ ಒಯ್ಯುವವರು ಇದನ್ನು ಯೋಚಿಸಬೇಕು. ಓಟದ ದಿನ ಬೆಳಗ್ಗೆ ಕೊಟ್ಟಿಗೆಯಲ್ಲೇ ಎರಡೂ ಮುಂಗಾಲನ್ನು ಮಂಡಿಯಿಂದ ಗೊರಸಿನವರೆಗೆ ಅಂಗೈಯಿಂದ ಸವರಿ ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಿದೆಯೇ? ಒತ್ತಿದರೆ ಎಳೆದುಕೊಳ್ಳುತ್ತದೆಯೇ? ಗಟ್ಟಿ ನೆಲದ ಮೇಲೆ ತಿರುಗಿಸುವಾಗ ಹೆಜ್ಜೆ ಚಿಕ್ಕದಾಯಿತೇ? ಹಾಗಿದ್ದರೆ ಆ ಜೋಡಿ ಅಂದು ನೊಗಕ್ಕೆ ಬೇಡ. ನೋವಿನ ಇಂಜೆಕ್ಷನ್ ಕೊಡಿಸಿ ಓಟಕ್ಕೆ ಇಳಿಸುವುದಂತೂ ಘೋರ ಪಾಪ. ಬಾಯಿಲ್ಲದ ಜೀವಕ್ಕೆ ನೋವೊಂದೇ ಕಾವಲು.

2014ರ ಮೇ 7ರಂದು ಸುಪ್ರೀಂ ಕೋರ್ಟ್ ಎತ್ತಿನ ಗಾಡಿ ಓಟವನ್ನು ನಿಷೇಧಿಸಿತ್ತು. ಓಟಕ್ಕೆ ಮತ್ತೆ ಅವಕಾಶ ಕೊಡಲು ರಾಜ್ಯ 2017ರಲ್ಲಿ ತಂದ ಕಾನೂನು ತಿದ್ದುಪಡಿಯನ್ನು 2023ರ ಮೇ 18ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದು, ನಿಯಮ ಪಾಲನೆಯ ಹೊಣೆಯನ್ನು ಜಿಲ್ಲಾ ದಂಡಾಧಿಕಾರಿಗಳ ಮೇಲೆ ಹೊರಿಸಿತು. ಓಟ ನಮಗೆ ಷರತ್ತಿನ ಮೇಲೆ ಮರಳಿ ಸಿಕ್ಕಿದೆ. ಓಟ ಉಳಿಯಲಿ ಎನ್ನುವವರೇ ಮೊದಲು ಈ ತನಿಖೆ ಕೇಳಬೇಕು.

ಪಶುವೈದ್ಯರಿಲ್ಲದೆ ಓಟಕ್ಕೆ ಅನುಮತಿ ಬೇಡ. ಬಿದ್ದ ಎತ್ತಿನ ವಯಸ್ಸು, ಹಿಂದಿನ ಓಟದ ದಿನ, ಕೊಟ್ಟ ಔಷಧಿ, ಅಂದಿನ ನೆಲದ ಸ್ಥಿತಿ ಎಲ್ಲವೂ ದಾಖಲೆಯಾಗಲಿ. ಸತ್ತರೆ ಮರಣೋತ್ತರ ಪರೀಕ್ಷೆಯಲ್ಲಿ ಜೊತೆ ಕಾಲನ್ನೂ ನೋಡಲಿ. ಆ ಪರೀಕ್ಷೆಗೆ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ನಿಜ ಹೇಳಿದ ಮಾಲೀಕನನ್ನು ಕಟಕಟೆಯಲ್ಲಿ ನಿಲ್ಲಿಸಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ, ಅದೂ ನೆನಪಿರಲಿ.

ನಿಮ್ಮೂರ ಸಮಿತಿ ಈ ಸಲ ಓಟಕ್ಕೆ ಅರ್ಜಿ ಬರೆಯುವಾಗ ಇಷ್ಟನ್ನೂ ಸೇರಿಸಿ ಬರೆಯಲಿ, ಒಂದು ನಕಲು ತಾಲ್ಲೂಕು ಪಶು ಆಸ್ಪತ್ರೆಗೂ ಹೋಗಲಿ. ಎತ್ತು ಬಿದ್ದರೆ ತಕ್ಷಣ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.