ಪಳಗಿಸುವ ಗಂಡ, ನಗುವ ನಾವು

1989ರ ‘ನಂಜುಂಡಿ ಕಲ್ಯಾಣ’ ನೋಡಿ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹೆಣ್ಣುಮಕ್ಕಳೂ ನಕ್ಕಿದ್ದೇವೆ. ಹೊಸ ನಾಯಕಿ ಮಾಲಾಶ್ರೀ ಕುಡಿದು ಕುಣಿದದ್ದು ನನಗೂ ಇಷ್ಟವೇ. ಆದರೆ ಕಥೆ ಏನು? ಸೊಕ್ಕಿನ ಹೆಣ್ಣನ್ನು ಗಂಡ ಪಳಗಿಸುವುದು. ಇದರ ಬೇರು ಷೇಕ್ಸ್‌ಪಿಯರನ ನಾಟಕದಲ್ಲಿದೆ. ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಅಲ್ಲಿ ಗಂಡ ಹೆಂಡತಿಯನ್ನು ಹೊಡೆಯುವುದಿಲ್ಲ. ಉಣ್ಣಗೊಡುವುದಿಲ್ಲ, ಮಲಗಗೊಡುವುದಿಲ್ಲ, ಎಲ್ಲವೂ ಪ್ರೀತಿಯ ಹೆಸರಿನಲ್ಲಿ! “ಹೊಡಿಯಲ್ಲರಿ, ಖರ್ಚಿಗಿ ರೊಕ್ಕ ಕೊಡಲ್ಲ ಅಷ್ಟೇ” ಎಂದು ಸಂಘದಲ್ಲಿ ತಂಗಿಯರು ಗಂಡನನ್ನು ಹೊಗಳುವಂತೆ ಹೇಳುವುದುಂಟು. ಅಷ್ಟೇ ಅಲ್ಲ, ತಾಯಂದಿರೇ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೊಡೆತದ ಜೊತೆಗೆ ಹೀಯಾಳಿಕೆಯನ್ನೂ, ಖರ್ಚಿಗೆ ಕೊಡದಿರುವುದನ್ನೂ ಹಿಂಸೆಯೆಂದೇ ಎಣಿಸುತ್ತದೆ. ಟಿವಿಯಲ್ಲಿ ಆ ಸಿನಿಮಾ ಮತ್ತೆ ಬಂದರೆ ನೋಡಿರಿ, ನಗಿರಿ. ಮನೆಯ ಗಂಡುಮಕ್ಕಳು ಎಲ್ಲೆಲ್ಲಿ ನಗುತ್ತಾರೆಂದು ಗಮನಿಸಿ, ಮುಂದಿನ ಸಭೆಯಲ್ಲಿ ಮಾತಿಗೆ ತನ್ನಿರಿ.